ಶಾಂತಕ್ಕನ ಬೆರಳು, ನನ್ನ ಬೆರಳು

ಕೌದಿ ನಡುವೆ ಬಿಚ್ಚಿಕೊಂಡು ಗಂಗವ್ವಜ್ಜಿ ಚಳಿಯಲ್ಲಿ ನಡುಗಿದ ಹಾಗೆ ಬೆಳಗಿನ ಜಾವ ಕನಸು ಬಿತ್ತು, ಗೆಳತಿಯರೇ. ಇವತ್ತು ಅದು ಅರ್ಧ ನಿಜವಾಯಿತು.

ಮಠದ ಮಹಡಿಯಲ್ಲಿ ಶಾಂತಕ್ಕ ಮತ್ತು ನಾನು ಅಜ್ಜಿಯ ಹಳೇ ಸೀರೆ, ತೀರಿಹೋದ ಅವರ ಯಜಮಾನರ ಧೋತರದ ತುಂಡುಗಳನ್ನು ಸೇರಿಸಿ ಕೌದಿ ಹೊಲಿಯುತ್ತಿದ್ದೇವೆ. ಇಬ್ಬರಿಗೂ ಮೂರು ಮೂರು ಸಾಲು, ಸಾಲಿಗೆ ಹನ್ನೆರಡು ತುಂಡು. ಅಂಚಿನಿಂದ ಒಂದು ಬೆರಳಗಲ ಬಿಟ್ಟು ಹೊಲಿಗೆ ಎಂದು ಮಾತಾಗಿತ್ತು. ಯಾರ ಬೆರಳು ಎಂದು ಮಾತಾಗಿರಲಿಲ್ಲ. ನನ್ನ ಬೆರಳು ಸಪೂರ, ಅಂಚಿಗೆ ಬಟ್ಟೆ ಕಡಿಮೆ ಹೋಗಿದೆ. ಇವತ್ತು ಜೋಡಿಸಲು ಕೂತರೆ ನನ್ನ ಸಾಲುಗಳು ಅವಳವಕ್ಕಿಂತ ನಾಲ್ಕು ಬೆರಳು ಉದ್ದ.

“ನಿಂದು ಬೆರಳೋ ಊದಿನಕಡ್ಡಿಯೋ?” ಎನ್ನುತ್ತ ಶಾಂತಕ್ಕ ಹೆಚ್ಚಾದದ್ದನ್ನು ತೆಗೆಯಲು ಕತ್ತರಿ ಹಿಡಿದಳು. ಕೊನೆಯ ತುಂಡು ಧೋತರದ್ದು.

ಪಕ್ಕದಲ್ಲೇ ಮಲಗಿದ್ದ ಅಜ್ಜಿ ಎದ್ದು ಕೂತರು. “ಅವರನ್ನ ಮಣಿಕರ್ಣಿಕಾ ಘಾಟಿನ್ಯಾಗ ಸುಟ್ಟು ಬಂದೀನಿ. ಧೋತ್ರಕ್ಕರೆ ಕತ್ತರಿ ಹಚ್ಚಬ್ಯಾಡ್ರವ್ವಾ. ಬಜಾರದ ರಜಾಯಿ ಹೊದಿಯಾಕ ನಾ ಒಲ್ಲೆ. ಈ ಚಳಿಗಾಲ ಹಂಗ ಮಲಗತೀನಿ.”

ನಾನು ನನ್ನ ಮೂರೂ ಸಾಲು ಬಿಚ್ಚಿದೆ. ಶಾಂತಕ್ಕನ ಬೆರಳಿನಗಲಕ್ಕೆ ಬೆಂಕಿಪೊಟ್ಟಣದ ರಟ್ಟು ಕತ್ತರಿಸಿಕೊಂಡು, ಅಂಚಂಚಿಗೂ ಅದನ್ನಿಟ್ಟು ಗೆರೆ ಎಳೆದು ಮತ್ತೆ ಹೊಲಿಯುತ್ತಿದ್ದೇನೆ. ಒಂದೇ ಚಿಂತೆ. ಅಳತೆ ಕೊಡುವಾಗ ಶಾಂತಕ್ಕ ಸಿಟ್ಟಿನಲ್ಲಿ ಬೆರಳನ್ನು ಒತ್ತಿ ಇಟ್ಟಿದ್ದಳು. ಒತ್ತಿದರೆ ಬೆರಳು ಅಗಲವಾಗುತ್ತದಲ್ಲ, ಈ ಸಲ ನನ್ನ ಸಾಲು ಗಿಡ್ಡವಾದರೆ? ನಾಳೆ ಈ ಕಡೆ ಬರುವವರು, ಅವಳು ನಗುತ್ತಿರುವಾಗ, ಆ ರಟ್ಟನ್ನು ಅವಳ ಬೆರಳಿಗೆ ಇಟ್ಟು ಇನ್ನೊಮ್ಮೆ ನೋಡಿಬಿಡಿ.