ಅಡುಗೆಮನೆಯ ಹೊಸ್ತಿಲಲ್ಲಿ ಕೆಂಪು ಸರ್ಕಾರ

ಹೋಟೆಲಿನ ಮುಖ್ಯ ಅಡುಗೆಯವರಾದ ಸದಾನಂದ ಮಾಸ್ಟರು ಸಾಂಬಾರಿನ ರುಚಿ ನೋಡುವವರಲ್ಲ, ಕೇಳುವವರು. ಕೊಪ್ಪರಿಗೆಯ ಕಡೆ ಎಡಗಿವಿ ಬಾಗಿಸಿ, ಕುದಿಯುವ ಸದ್ದಿನಿಂದಲೇ ಉಪ್ಪು ಹೇಳುತ್ತಾರೆ. ಒಮ್ಮೆ ಅಡ್ಯಾರಿನ ಮದುವೆಗೆ ಹೋದವರು ಬೀದಿಯಲ್ಲೇ ಕಿವಿಗೊಟ್ಟು, 'ಹುಳಿ ಜಾಸ್ತಿ' ಎಂದು ಊಟ ಬಿಟ್ಟು ಬಂದರಂತೆ. ಊಟ ಮಾಡಿದವರೆಲ್ಲ ಮರುದಿನ ಒಪ್ಪಿಕೊಂಡರು.

ಇಂಥ ಮಹಾಪುರುಷರ ರಾಜ್ಯದಲ್ಲಿ ಕಳೆದ ತಿಂಗಳು ಕಮ್ಯುನಿಸ್ಟ್ ಸರ್ಕಾರ ಬಂತು. ಎಗ್ಮೋರಿನ ಈ ಹೋಟೆಲನ್ನು ನಡೆಸುವುದು ಕೆಲಸಗಾರರದೇ ಸಹಕಾರ ಸಂಘ. ಚುನಾವಣೆಯಲ್ಲಿ ಕೆಂಪು ಬಾವುಟದವರು ಏಳಕ್ಕೆ ಏಳೂ ಸೀಟು ಬಾಚಿದರು. ಅಧ್ಯಕ್ಷನಾದವನು ಸಪ್ಲೈಯರ್ ರೂಪೇಶ್. ಮೊದಲ ವಾರ ಎಲ್ಲರಿಗೂ ಒಂದೇ ಸಂಬಳ. ಎರಡನೇ ವಾರ ಎಲ್ಲರಿಗೂ ಒಂದೇ ಪಂಕ್ತಿ. ಮೂರನೇ ವಾರ, ಯಾರೂ ಯಾರನ್ನೂ 'ಧಣಿ' ಅನ್ನಬಾರದು. ತಮಿಳಿನಲ್ಲಿ ಸಂಗಾತಿಯನ್ನು ಕರೆಯುವಂತೆ 'ತೋಳರ್' ಅನ್ನಬೇಕು.

"ತೋಳರೇ, ವಣಕ್ಕಂ!" ಎಂದು ರೂಪೇಶ್ ಒಳಗೆ ಬಂದ.

"ಯಾರಾ ತೋಳ? ನಾನು ಯಾರ ಕುರಿ ತಿಂದದ್ದು?" ಎಂದ ಮಾಸ್ಟರು ಅಂದಿನಿಂದ ಸರ್ಕಾರದೊಂದಿಗೆ ಮಾತು ಬಿಟ್ಟರು.

ನಾಲ್ಕನೇ ವಾರದ ಸುಧಾರಣೆಗೆ ಸಿಂಹಾಸನವೇ ಅಲುಗಿತು. ಅಡುಗೆಯವರ ಜಾತಿಯವರನ್ನು ಬಿಟ್ಟು ಬೇರೆ ಯಾರೂ ಅಡುಗೆಮನೆಯ ಹೊಸ್ತಿಲು ದಾಟಬಾರದೆಂಬುದು ಇಲ್ಲಿ ನಲವತ್ತು ವರ್ಷದ ಕಟ್ಟಳೆ. ಟೇಬಲ್ ಒರೆಸುವ ಚಿಕ್ಕತಾಯಮ್ಮ ಸೋಮವಾರದಿಂದ ಸಾಂಬಾರಿನ ಕೆಲಸಕ್ಕೆ, ಎಂದು ಸಂಘ ತೀರ್ಮಾನಿಸಿತು. ಮಾಸ್ಟರು ಹೆಗಲ ಮೇಲಿನ ಬೈರಾಸು ಬಟ್ಟೆ ಕೊಡವಿ ಹೊರನಡೆದರೆ ಉಳಿದ ನಾಲ್ವರು ಅಡುಗೆಯವರೂ ಹಿಂದೆಯೇ ನಡೆಯುತ್ತಾರೆ. ಆಮೇಲೆ ಹೋಟೆಲಿಗೆ ಬೀಗ, ಚಿಕ್ಕತಾಯಮ್ಮನಿಗೆ ಬೀದಿ.

ಸೋಮವಾರ, ಬೆಳಿಗ್ಗೆ ಆರು ಗಂಟೆ. ಚಿಕ್ಕತಾಯಮ್ಮ ಹೊಸ್ತಿಲಲ್ಲಿ ಸೌಟು ಹಿಡಿದು ನಿಂತಳು. ದೋಸೆ ಹುಯ್ಯುತ್ತಿದ್ದ ಕೈ ಅಲ್ಲೇ ನಿಂತಿತು. ಹಂಚು ಹೊಗೆಯಾಡಿತು, ಯಾರೂ ನೀರು ಚಿಮುಕಿಸಲಿಲ್ಲ.

"ಇಪ್ಪತ್ತು ವರ್ಸ ನಿಮ್ ಎಂಜ್ಲು ಎತ್ತಿವ್ನಿ. ಸೌಟು ಎತ್ತುದ್ರೆ ಮಾತ್ರ ಮೈಲ್ಗೆಯಾ?" ಎಂದಳು.



ರೂಪೇಶನಿಗೆ ಭಾಷಣವೆಲ್ಲ ಮರೆತುಹೋಗಿತ್ತು. "ಮಾಸ್ಟ್ರೇ, ಸಂಘಕ್ಕೆ ಉತ್ತರ ಬೇಕು. ಈ ವಿಷಯದಲ್ಲಿ ನಿಮ್ಮ ನಿಲುವು ಏನು?"

ಮಾಸ್ಟರ ಕೈ ಮೆಲ್ಲನೆ ಹೆಗಲಿಗೆ ಹೋಯಿತು. ಬೈರಾಸು ಕೆಳಗಿಳಿಯಿತು. ಉಳಿದ ನಾಲ್ವರ ಕೈಗಳೂ ತಮ್ಮತಮ್ಮ ಹೆಗಲ ಕಡೆ ಹೊರಟವು. ರೂಪೇಶ್ ಕಣ್ಣು ಮುಚ್ಚಿಕೊಂಡ.

ಮಾಸ್ಟರು ಬೈರಾಸಿನಿಂದ ಮುಖ ಒರೆಸಿಕೊಂಡರು.

"ನಿಲುವಾ? ಬೆಳಿಗ್ಗೆ ನಾಲ್ಕು ಗಂಟೆಯಿಂದ ನಿಂತೇ ಇದ್ದೇನೆ ಮಾರಾಯ. ಅವರು ಒಳಗೆ ಬರ್ಲಿ, ನಾನು ಸ್ವಲ್ಪ ಕೂತ್ಕೊಳ್ತೇನೆ."