ಐದನೆಯ ಕೋಣೆಯ ತಂಬಿಗೆ

ಪಕ್ಕದ ಮನೆಯಲ್ಲಿ ಯಾರೋ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಹೊಸದಾಗಿ ಬಂದ ಸಂಸಾರ, ದೇವರ ಫೋಟೋ ತೂಗುಹಾಕುತ್ತಿದ್ದಿರಬೇಕು. ಒಂದು ಪೆಟ್ಟು ಬಿತ್ತು. ಆಮೇಲೆ ಸದ್ದಿಲ್ಲ, ಮೊಳೆ ಡೊಂಕಾಯಿತೋ ಏನೋ. ಸ್ವಲ್ಪ ಹೊತ್ತು ಬಿಟ್ಟು ಬೆನ್ನಿಗೆ ಬೆನ್ನು ಹತ್ತಿದಂತೆ ಎರಡು. ರೊಟ್ಟಿ ಮುರಿಯುತ್ತಿದ್ದ ನಾನು ಕೈ ತಡೆದು ಹಾಗೆಯೇ ಕೂತುಬಿಟ್ಟೆ. ನನ್ನ ಮಕ್ಕಳು ಶಾಲೆಗೆ ಹೋಗುವಷ್ಟಾಗಿದ್ದಾರೆ, ಆದರೂ ಆ ಲೆಕ್ಕದ ಮೂರು ಪೆಟ್ಟು ಕೇಳಿದರೆ ಸಾಕು, ಹತ್ತು ವರ್ಷದ ಪೋರಿಯಾಗಿ ಮಿರಜದ ಆ ಸಗಣಿ ಸಾರಿಸಿದ ನೆಲದ ಮೇಲೆ ಕೂತಿರುತ್ತೇನೆ. ವಿಭೂತಿ, ಹಳೆಯ ಕೌದಿ, ಒಲೆಯ ಮೇಲೆ ಸೀದ ಜೋಳದ ರೊಟ್ಟಿ ಎಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯುತ್ತದೆ.

ಮಿರಜದಲ್ಲಿ ಆಗ ಒಂದು ವಾಡೆ ಇತ್ತು. ಅರಿಶಿನ, ಬೆಲ್ಲದ ವ್ಯಾಪಾರ ಮಾಡುವ ನಮ್ಮ ಲಿಂಗಾಯತ ಮಂದಿ, ತಮ್ಮ ಅಂಗಡಿಗಳಲ್ಲಿ ದುಡಿದು ಮುದುಕರಾದವರು ಕೊನೆಗಾಲಕ್ಕೆ ಬೀದಿಗೆ ಬೀಳಬಾರದೆಂದು ಹಿಂದೆ ಯಾವಾಗಲೋ ಕಟ್ಟಿಸಿದ್ದು. ಊರೆಲ್ಲ ಅದನ್ನು ಮುದುಕರ ವಾಡೆ ಎನ್ನುತ್ತಿತ್ತು. ಒಂದೇ ಸಾಲಿಗೆ ಮಣ್ಣಿನ ಗೋಡೆಯ ಆರು ಕೋಣೆ, ಆರು ಜೀವ. ಸಾಲಿನ ಕೊನೆಗೆ ಅಡಿಗೆಮನೆ, ಅದರ ಹಿಂದೆ ನಾವು. ಅಪ್ಪ ಕುಪವಾಡದ ಕಾರ್ಖಾನೆಗೆ ಸೈಕಲ್ ತುಳಿಯುತ್ತಿದ್ದ, ಅವ್ವ ವಾಡೆಯ ಅಡಿಗೆಯವಳು. ಅಲ್ಲಿ ಒಂದು ಪದ್ಧತಿ ಇತ್ತು. ಬೆಳಿಗ್ಗೆ ಮೈತೊಳೆದು ಲಿಂಗಪೂಜೆ ಮುಗಿಸಿದ ಮೇಲೆ ಮೊದಲನೆಯ ಕೋಣೆಯವರು ಹಿತ್ತಾಳೆಯ ತಂಬಿಗೆಯ ಬುಡದಿಂದ ನಡುಗೋಡೆಗೆ ಮೂರು ಸಲ ಬಡಿಯಬೇಕು. ಅದು ಕೇಳಿದ ಎರಡನೆಯವರು ಮೂರನೆಯವರಿಗೆ ಬಡಿಯಬೇಕು. ಹಾಗೆ ಗೋಡೆಯಿಂದ ಗೋಡೆಗೆ ದಾಟಿ ಆರನೆಯ ಕೋಣೆಯ ಪೆಟ್ಟು ಅಡಿಗೆಮನೆಗೆ ಮುಟ್ಟಿದರೆ ಆರೂ ಜನ ಕಣ್ಣು ತೆರೆದಿದ್ದಾರೆ ಎಂದು ತಿಳಿಯುತ್ತಿತ್ತು. ಆಗ ಅವ್ವ ರೊಟ್ಟಿ ಬಡಿಯಲು ಕೂಡುತ್ತಿದ್ದಳು. ಎಲ್ಲಾದರೂ ಸದ್ದು ತುಂಡಾದರೆ ಹಿಟ್ಟಿನ ಕೈಯಲ್ಲೇ ಓಡುತ್ತಿದ್ದಳು.

ಐದನೆಯ ಕೋಣೆಯಲ್ಲಿ ಗುರಪ್ಪಜ್ಜ, ಆರನೆಯದರಲ್ಲಿ ಅವನ ಅಕ್ಕ ಬಾಳವ್ವ. ಮಿರಜದ ಹತ್ತಿರದ ಆರಗ ಎಂಬ ಹಳ್ಳಿಯ ಕಡೆಯವರು. ಅವಳನ್ನು ನಾನು ಆಯಿ ಎನ್ನುತ್ತಿದ್ದೆ, ನಮ್ಮ ಕಡೆ ಅಜ್ಜಿಗೆ ಹಾಗೇ ಕರೆಯುವುದು. ಆಯಿಗೆ ಕಣ್ಣು ಪೂರಾ ಹೋಗಿತ್ತು, ಕಿವಿ ಮುಕ್ಕಾಲು ಹೋಗಿತ್ತು. ತಮ್ಮನ ಕೋಣೆಯ ಗೋಡೆಗೆ ಬೆನ್ನು ಹಚ್ಚಿ ಕೂತು ಅವನ ಪೆಟ್ಟನ್ನು ಬೆನ್ನಿನಿಂದಲೇ ಕೇಳುತ್ತಿದ್ದಳು. ಅದು ಬರುವ ತನಕ ಒಂದು ತುತ್ತು ಮುಟ್ಟುತ್ತಿರಲಿಲ್ಲ. ಒಮ್ಮೆ ಅವನು ಜ್ವರದಿಂದ ದವಾಖಾನೆ ಸೇರಿದಾಗ ಮೂರು ದಿನ ಬರೀ ನೀರು ಕುಡಿದು ಕೂತಿದ್ದಳು. ಗುರಪ್ಪಜ್ಜ ಸಾಂಗ್ಲಿಯ ಅರಿಶಿನ ಪೇಟೆಯಲ್ಲಿ ತೂಕ ಮಾಡುತ್ತಿದ್ದವನು. ತೂಗುವವರು ಎಣಿಸುವಾಗ ಒಂದು ಎನ್ನುವುದಿಲ್ಲ, ಶುಭವಾಗಲೆಂದು ಲಾಭ ಎನ್ನುತ್ತಾರೆ. ಅವನ ಬಡಿತವೂ ಹಾಗೆಯೇ ಇತ್ತು. ಲಾಭ ಎಂದು ಒಂದು ಪೆಟ್ಟು, ನಡುವೆ ಉದ್ದ ಬಿಡುವು, ಆಮೇಲೆ ಎರಡು, ಮೂರು. ನನಗೂ ಕಲಿಸಿದ್ದ. ನಾನೋ ಚಿನಕುರುಳಿ, ಪಟಪಟ ಬಡಿದುಬಿಡುತ್ತಿದ್ದೆ. "ಲಾಭ ಅಂದ ಮ್ಯಾಲ ತಡೀಬೇಕ ಪೋರಿ, ಮಾಲು ತಕ್ಕಡ್ಯಾಗ ಕುಂದರಬೇಕಲ್ಲ?" ಎಂದು ನನ್ನ ಕಿವಿ ಹಿಂಡುತ್ತಿದ್ದ.

ಸಾಂಗ್ಲಿ, ಮಿರಜ, ಕುಪವಾಡ ಮೂರೂ ಊರು ಕೂಡಿ ಒಂದೇ ಮಹಾನಗರಪಾಲಿಕೆ ಆಗುತ್ತವೆ ಎಂಬ ಸುದ್ದಿ ಎದ್ದದ್ದು ಆಗಲೇ. ಅದರ ಹಿಂದೆಯೇ ವಾಡೆಯ ಪಂಚರು ಸಾಂಗ್ಲಿಯಲ್ಲಿದ್ದ ಇಂಥದೇ ವಾಡೆಯ ಮುದುಕರನ್ನೂ ನಮ್ಮವರನ್ನೂ ಕೂಡಿಸಿ ಕುಪವಾಡದ ಕಡೆ ಹೊಸ ಸಿಮೆಂಟಿನ ಕಟ್ಟಡದಲ್ಲಿ ಇಡುತ್ತಾರೆ ಎಂಬ ಮಾತೂ ಬಂತು. "ಊರು ಕೂಡಿಸಿದಂಗ ನಮ್ಮನ್ನೂ ಒಂದ ಚೀಲಕ್ಕ ತುಂಬ್ತಾರಂತ ನೋಡ," ಎಂದು ಗುರಪ್ಪಜ್ಜ ನಕ್ಕಿದ್ದ. ಆ ಕಟ್ಟಡವನ್ನು ಅವನು ನೋಡಲೇ ಇಲ್ಲ. ಛಳಿಗಾಲ ಹೊಕ್ಕಾಗ ಎದೆನೋವೆಂದು ದವಾಖಾನೆಗೆ ಹೋದವನು ಅಲ್ಲಿಯೇ ತೀರಿಕೊಂಡ. ಅಲ್ಲಿಂದಲೇ ಆರಗಕ್ಕೆ ಒಯ್ದು ಮಣ್ಣು ಕೊಟ್ಟರು. ನಮ್ಮಲ್ಲಿ ಮಲಗಿಸುವುದಿಲ್ಲ, ಕೂರಿಸಿ ಮುಚ್ಚುತ್ತಾರೆ. ಮಣ್ಣಿನ ಗೂಡಿನಲ್ಲಿ, ಕೈಯಲ್ಲಿ ಲಿಂಗ, ಬೆನ್ನು ಗೋಡೆಗೆ. ಕೋಣೆಯಲ್ಲಿ ಕೂತಂತೆಯೇ ಕೂತಿದ್ದಾನೆ ಎಂದು ಅಪ್ಪ ಬಂದು ಹೇಳಿದ. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಆಯಿಗೆ ಹೇಳೂದು ಬ್ಯಾಡ. ಉಪವಾಸ ಬಿದ್ದ ಸಾಯ್ತಾಳ. ನಾಳಿಂದ ಐದನೇ ಖೋಲ್ಯಾಗ ನೀ ಕುಂದರು," ಎಂದಳು. ಮುದುಕ ದವಾಖಾನೆಯಿಂದ ಬಂದಿದ್ದಾನೆ, ಏಳಲು ಆಗುವುದಿಲ್ಲ ಎಂದು ಆಯಿಯ ಕಿವಿಯಲ್ಲಿ ಕೂಗಿ ಹೇಳಿದೆವು. ಅವಳು ತಲೆ ಆಡಿಸಿದಳು, ಮರುಮಾತು ಕೇಳಲಿಲ್ಲ.

ಛಳಿಗಾಲವೆಲ್ಲ, ಬೇಸಿಗೆ ಹೊಗುವ ತನಕ, ದಿನಾ ಶಾಲೆಗೆ ಹೋಗುವ ಮೊದಲು ಸತ್ತವನ ಕೆಲಸ ನಾನು ಮಾಡಿದೆ. ಅಯ್ಯ ಶಿವನೇ, ಈಗಲೂ ನೆನೆದರೆ ಅಂಗೈ ತಣ್ಣಗಾಗುತ್ತದೆ. ಮಡಿಚಿಟ್ಟ ಕೌದಿ, ಗೂಟಕ್ಕೆ ಅವನ ರುಮಾಲು, ಗೋಡೆಯ ಮೇಲೆ ಅವನ ತಲೆ, ಬೆನ್ನು ತಾಗಿ ತಾಗಿ ಆದ ಎಣ್ಣೆಗಪ್ಪಿನ ಕಲೆ. ಅದರ ಎದುರು ನಾನು ಮುದುರಿ ಕೂಡುತ್ತಿದ್ದೆ. ನಾಲ್ಕನೆಯ ಕೋಣೆಯಿಂದ ಪೆಟ್ಟು ಬಂದರೆ ಯಾರೋ ನನ್ನ ಬೆನ್ನು ತಟ್ಟಿ ಎಬ್ಬಿಸಿದಂತಾಗುತ್ತಿತ್ತು. ತಂಬಿಗೆ ಎತ್ತಿ ಬಡಿದು, ಕೆಳಗಿಟ್ಟು, ಹಿಂದೆ ನೋಡದೆ ಓಡುತ್ತಿದ್ದೆ. ಲಾಭ ಅಂದ ಮೇಲೆ ತಡೆಯುವ ಧೈರ್ಯ ಯಾರಿಗಿತ್ತು? ಆ ಬಿಡುವಿನಲ್ಲಿ ನನ್ನ ಪಕ್ಕದಲ್ಲಿ ಇನ್ನೊಬ್ಬರ ಉಸಿರು ಕೇಳುತ್ತದೆ ಎಂದು ನನಗೆ ಅನಿಸುತ್ತಿತ್ತು. ಕೆಲವು ದಿನ ತಂಬಿಗೆ ನಾನು ಮುಟ್ಟುವ ಮೊದಲೇ ಬೆಚ್ಚಗಿರುತ್ತಿತ್ತು. ಆ ಕೋಣೆಗೆ ಬಿಸಿಲು ಬರುವ ಕಿಟಕಿ ಇರಲಿಲ್ಲ. ಅವ್ವನಿಗೆ ಹೇಳಿದರೆ, "ಹುಚ್ಚಿ, ನಿನ್ನ ಕೈ ತಣ್ಣಗ ಇರತಾವ, ಅದಕ್ಕ ಹಂಗ ಅನಸ್ತೈತಿ," ಎಂದು ಬಯ್ದಳು. ಆದರೆ ಆ ಕಡೆ ಗೋಡೆಗೆ ಬೆನ್ನು ಹಚ್ಚಿ ಆಯಿ ರೊಟ್ಟಿ ಮುರಿಯುತ್ತಿದ್ದಳು, ದಿನಾ, ಒಂದು ಚೂರೂ ಬಿಡದೆ. ಅದಕ್ಕಾಗಿ ನಾನು ಹೋಗುತ್ತಿದ್ದೆ.

ಊರುಗಳು ಕೂಡಿದವು. ಕೆಂಪು ಬಣ್ಣದ ಡಬ್ಬಿ ಹಿಡಿದು ಪಾಲಿಕೆಯವನೊಬ್ಬ ಬಂದು ಕೋಣೆ ಕೋಣೆಗೆ ಹೊಸ ನಂಬರು ಬರೆದ. ಐದನೆಯ ಬಾಗಿಲ ಮೇಲೆ ಮಾತ್ರ ಮರಾಠಿಯಲ್ಲಿ ರಿಕಾಮಿ ಎಂದು ಬರೆದ, ಖಾಲಿ ಅಂತ. ಮುದುಕರನ್ನು ಒಯ್ಯಲು ಟೆಂಪೋ ಬರುವ ದಿನ ಬೆಳಿಗ್ಗೆ ನಾನು ಎದ್ದು ಹೋದರೆ ಆ ಬಾಗಿಲಿಗೆ ಕೀಲಿ. ಹಿಂದಿನ ದಿನ ಸಂಜೆ ನಾವು ಸಂತೆಗೆ ಹೋದಾಗ ಯಾರೋ ಹಾಕಿ ಹೋಗಿದ್ದರು. ತಂಬಿಗೆ ಒಳಗೇ ಉಳಿದಿತ್ತು. ನಾನು ಕೀಲಿ ಹಿಡಿದು ಜಗ್ಗಿದೆ, ಕಾಲಿನಿಂದ ಒದ್ದೆ. ಅಷ್ಟರಲ್ಲಿ ನಾಲ್ಕನೆಯ ಕೋಣೆಯ ಪೆಟ್ಟು ಒಳಗೆ ಬಿತ್ತು. ಕೊನೆಯ ದಿನ ಆಯಿ ಉಪವಾಸ ಹೋಗುತ್ತಾಳೆ ಎಂದು ಅಳುತ್ತ ಅಂಗಳ ಸುತ್ತಿ ಅವ್ವನ ಕಡೆ ಓಡಿದೆ. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಆರನೆಯ ಕೋಣೆಯ ಪೆಟ್ಟು ಅವಳಿಗೆ ಬಂದಿತ್ತು.

ನಾನು ಕೀಲಿಯ ಮಾತು ಹೇಳಿದೆ. ಅವ್ವನ ಕೈ ಹಿಟ್ಟಿನ ಮೇಲೆ ನಿಂತಿತು. ಇಬ್ಬರೂ ಒಂದು ರೊಟ್ಟಿ ಹಿಡಿದು ಆಯಿಯ ಬಳಿ ಹೋದೆವು. ಆಯಿ ನನ್ನ ಕೆನ್ನೆ ತಡವಿ, ಒದ್ದೆ ಇದ್ದದ್ದು ತಿಳಿದು, "ಯಾಕ ಅಳಾಕತ್ತೀ ಕೂಸ? ಇವತ್ತ ಅಂವನ ಬಡದಾನ. ನಿನ್ನ ಕೈ ಅಲ್ಲ ಅದು. ನೀ ಲಾಭ ಅಂದ ಮ್ಯಾಲ ತಡೀತಿದ್ದಿಲ್ಲ," ಎಂದಳು.

ಅವ್ವ ಆಯಿಯ ಕಿವಿಯ ಹತ್ತಿರ ಬಾಗಿದಳು. "ನಿಮಗ ಗೊತ್ತಿತ್ತೇನ್ರಿ ಆಯಿ?" ಎಂದು ಕೂಗಿ ಕೇಳಿದಳು.

"ಮಣ್ಣ ಕೊಟ್ಟ ದಿನಾನ ಗೊತ್ತಾತು. ಅವತ್ತ ನೀ ರೊಟ್ಟಿ ಬಡೀಲಿಲ್ಲ, ನೆಲಾ ಅಲುಗಲಿಲ್ಲ. ಮರುದಿನ ಈ ಕೂಸು ಬಡೀತು. ದಿನಾ ಎದ್ದ ಬಂದ ಬಡೀತು. ಉಣ್ಣಲಾರದ ಹ್ಯಾಂಗ ಇರಲಿ?"

ಟೆಂಪೋ ಬಂತು. ಹೊಸ ಕಟ್ಟಡಕ್ಕೆ ಬೇರೆ ಅಡಿಗೆಯವರಿದ್ದರು, ನಮ್ಮನ್ನು ಯಾರೂ ಕರೆಯಲಿಲ್ಲ. ಒಂದು ಭಾನುವಾರ ಅಪ್ಪನ ಸೈಕಲ್ ಮೇಲೆ ಹೋಗಿ ಆಯಿಯನ್ನು ನೋಡಿದೆ. ಫ್ಯಾನು, ನಲ್ಲಿ, ಕಬ್ಬಿಣದ ಮಂಚ, ಎಲ್ಲ ಚೊಕ್ಕಟ. ಆಯಿ ನೆಲದ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತಿದ್ದಳು, ಎದುರಿಗೆ ಮುಟ್ಟದ ತಾಟು. ಪಕ್ಕದ ಕೋಣೆಗೆ ಹೋಗಿ ಅಲ್ಲಿದ್ದ ಲೋಟದಿಂದ ಕೈ ನೋಯುವಷ್ಟು ಬಡಿದು ಬಂದೆ. "ಕೇಳ್ತೇನ್ರಿ ಆಯಿ?" ಎಂದೆ. "ಈ ಗ್ವಾಡಿ ಕಿವುಡ ಐತಿ, ನನಕಿಂತ ಕಿವುಡ," ಎಂದಳು. ನಾನು ಬಂದಿದ್ದೆನಲ್ಲ, ಅದಕ್ಕೆಂದು ಒಂದು ತುತ್ತು ಬಾಯಿಗೆ ಹಾಕಿಕೊಂಡಳು. ಮಳೆ ಹಿಡಿಯುವ ಮೊದಲೇ ಹೋದಳು. ವಯಸ್ಸಾಗಿತ್ತು ಎಂದರು ಎಲ್ಲರೂ. ನನಗೆ ಗೊತ್ತು, ಬಡಿಯುವವರಿರಲಿಲ್ಲ. ಮರುದಿನವೂ, ಅದರ ಮರುದಿನವೂ ಸೈಕಲ್ ಹತ್ತಬೇಕಿತ್ತು. ಶಾಲೆ, ಆಟ, ಹೊಸ ಮನೆ ಎಂದು ಮರೆತೆ. ಈ ಪಾಪಕ್ಕೆ ನನಗೆ ಸಮಾಧಾನವಿಲ್ಲ. ಆರಗದಲ್ಲಿ ತಮ್ಮನ ಪಕ್ಕದಲ್ಲೇ ಅವಳನ್ನೂ ಕೂರಿಸಿದ್ದಾರೆ, ನಡುವೆ ಒಂದು ಮೊಳ ಮಣ್ಣು. ಮಣ್ಣಿನ ಗೋಡೆಗೆ ಸದ್ದು ದಾಟಿಸುವುದು ಗೊತ್ತು.

ವಾಡೆ ಕೆಡವಿ ಅಂಗಡಿಗಳಾಗಿವೆ. ಕೆಡವುವ ದಿನ ಅವ್ವ ಹೋಗಿ ಐದನೆಯ ಕೋಣೆಯ ತಂಬಿಗೆ ತಂದಿದ್ದಳು, ಈಗ ಅದು ನನ್ನ ಅಡಿಗೆಮನೆಯಲ್ಲಿದೆ. ಪಕ್ಕದವರ ಮೊಳೆ ಹೊಡೆಯುವುದು ಮುಗಿದ ಮೇಲೆ ಎದ್ದು ಅದನ್ನು ಕೈಗೆ ತೆಗೆದುಕೊಂಡೆ. ಗೋಡೆಗೆ ಒಮ್ಮೆ ಬಡಿದೆ. ಲಾಭ. ಆಮೇಲೆ ತಡೆದೆ, ಮಾಲು ತಕ್ಕಡಿಯಲ್ಲಿ ಕೂಡುವಷ್ಟು ಹೊತ್ತು, ಪಕ್ಕದಲ್ಲಿ ಉಸಿರು ಕೇಳುವಷ್ಟು ಹೊತ್ತು. ಓಡಲಿಲ್ಲ. ಎರಡು, ಮೂರು ಬಡಿದು, ಆಮೇಲೆ ಕೂತು ನನ್ನ ರೊಟ್ಟಿ ತಿಂದೆ.