ಎಕ್ಕದ ಜೋಡಿ ಎಸೆದ ರೇವಿನ್

ಸದಾ ಮಳೆ ಸುರಿಯುವ ಹೋಕಿಟಿಕಾದಲ್ಲಿ ಬಿಸಿಲು ಬಿದ್ದ ದಿನ ಬಟ್ಟೆ ಒಗೆಯದವಳು ಸೋಮಾರಿ, ಒಗೆದು ಹೊರಗೇ ಮರೆತವಳು ಹುಚ್ಚಿ ಎಂದು ರೇವಿನ್‌ಳ ಅತ್ತೆ ಹೇಳುತ್ತಿದ್ದಳು. ಅತ್ತೆ ಹೋದಳು, ಒಗೆತ ಉಳಿಯಿತು. ಆಸ್ಪತ್ರೆಯ ಅಡುಗೆಮನೆ ರೇವಿನ್‌ಳಿಗೆ ಹೂಗುಚ್ಛ ಕೊಟ್ಟು ನಿವೃತ್ತಿ ಕೊಟ್ಟಿತು. ಮನೆಯ ಅಡುಗೆಮನೆ ಎರಡನ್ನೂ ಕೊಡಲಿಲ್ಲ.

ಗಂಡ ಡೆಸ್ ಮಾತ್ರ ಪೂರ್ತಿ ನಿವೃತ್ತ. ಕಂಪ್ಯೂಟರಿನ ಮುಂದೆ ಮೆಟ್ಟಿಲು ಪೋಕರ್ ಎಂಬ ಇಸ್ಪೀಟಾಟ ಆಡುವುದೇ ಅವನ ಕಾಯಕ. ಕೆಳಗಿನ ಮೆಟ್ಟಿಲಲ್ಲಿ ಪುಕ್ಕಟೆ ಆಟ. ಗೆದ್ದರೆ ಕಾಸಲ್ಲ, ಮೇಲಿನ ಮೆಟ್ಟಿಲಿಗೆ ಚೀಟಿ. ಕೊನೆಯ ಮೆಟ್ಟಿಲು ದಾಟಿದ ನಾಲ್ವರಿಗೆ ಕ್ರೈಸ್ಟ್‌ಚರ್ಚ್ ನಗರದ ದೊಡ್ಡ ಪಂದ್ಯದಲ್ಲಿ ಕುರ್ಚಿ, ಜೊತೆಗೆ ವಾರಾಂತ್ಯವಿಡೀ ಹೋಟೆಲಿನ ಕೋಣೆ. ಡೆಸ್ ಎರಡನೆಯ ಮೆಟ್ಟಿಲಿಂದಲೇ ಉರುಳುತ್ತಿದ್ದ. ಅವನ ಬೆನ್ನ ಹಿಂದೆ ಇಸ್ತ್ರಿ ಮಾಡುತ್ತ, ಅವನು ಉರುಳುವುದನ್ನು ನೋಡುತ್ತಲೇ ರೇವಿನ್ ಆಟ ಕಲಿತಳು. ಅವನಿಗೆ ಎಲ್ಲರ ಪಣದ ಬಿಲ್ಲೆಗಳನ್ನೂ ಬಾಚುವ ಚಪಲ. ಆದರೆ ಇಲ್ಲಿ ಮೊದಲು ಬಂದವನಿಗೂ ಕೊನೆಗೆ ತೂರಿಕೊಂಡವನಿಗೂ ಅದೇ ಚೀಟಿ! ಒಂದು ಕುರಿತೊಡೆಯನ್ನು ಭಾನುವಾರದಿಂದ ಬುಧವಾರದವರೆಗೆ ಎಳೆಯುವವಳಿಗೆ ಬಿಲ್ಲೆ ಎಳೆಯುವುದು ಯಾವ ಮಹಾ?

ಅವಳಿಗೆ ಪಂದ್ಯದ ಆಸೆಗಿಂತ ಆ ಕೋಣೆಯ ಆಸೆ. ಬೇರೆ ಯಾರೋ ಹಾಸುವ ಹಾಸಿಗೆ, ಬೇರೆ ಯಾರೋ ತೊಳೆಯುವ ಬಟ್ಟಲು.

ಡೆಸ್ ಎದ್ದ ಕುರ್ಚಿಯಲ್ಲಿ ತಾನೇ ಕೂತು ಒಂದೊಂದೇ ಮೆಟ್ಟಿಲು ಹತ್ತಿದ ಅವಳು ಒಂದು ಭಾನುವಾರ ಮಧ್ಯಾಹ್ನ ಕೊನೆಯ ಮೆಟ್ಟಿಲಲ್ಲಿದ್ದಳು. ಉಳಿದದ್ದು ಐವರು, ಇನ್ನೊಬ್ಬರು ಬಿದ್ದರೆ ಸಾಕು. ಎಲ್ಲರಿಗಿಂತ ಶ್ರೀಮಂತ ಆಟಗಾರ ತನ್ನ ಬಿಲ್ಲೆಗಳನ್ನೆಲ್ಲ ಮುಂದೆ ದೂಡಿದ. ಎಲ್ಲರಿಗಿಂತ ಬಡವ ಹಿಡಿಯಷ್ಟಿದ್ದುದನ್ನೂ ಸುರಿದ. ಸರದಿ ರೇವಿನ್‌ಳದು. ಕೈಯಲ್ಲಿ ಎಕ್ಕದ ಜೋಡಿ, ಆಟದಲ್ಲಿ ಅದಕ್ಕಿಂತ ದೊಡ್ಡ ಜೋಡಿಯಿಲ್ಲ. ಅಷ್ಟರಲ್ಲಿ ಕಿಟಕಿಗೆ ಹನಿ ಬಡಿಯಿತು.

"ಡೆಸ್, ಮಳೆ ಬಂತು. ಒಣಗಾಕಿದ ಹೊದಿಕೆ ತಗೊಂಬಾ."

"ಎಕ್ಕದ ಜೋಡಿ ಕಣೇ! ಇಂಥ ಹೊತ್ತಲ್ಲಿ ಯಾರಾದ್ರೂ ಏಳ್ತಾರಾ? ದೂಡು ಎಲ್ಲಾನೂ!"

"ದೂಡಿ ಸೋತ್ರೆ?"

"ಎಕ್ಕ ಸೋಲುತ್ತೇನೇ?"

"ಹೋದ ವಾರ ನಿಂದು ಸೋತಿತ್ತಲ್ಲ. ಸಿಟ್ಟಿಗೆ ಕುರ್ಚಿಗೇ ಒದ್ದಿದ್ದೆ."

ರೇವಿನ್ ಒಂದು ಬಿಲ್ಲೆಯನ್ನೂ ದೂಡದೆ ಆ ಸುತ್ತು ಬಿಟ್ಟು ಎಲೆ ಎಸೆದಳು.

"ಅಯ್ಯೋ ಮಾರಾಯ್ತಿ, ಹುಚ್ಚು ಹಿಡೀತಾ ನಿಂಗೆ?" ಡೆಸ್ ತಲೆಯ ಮೇಲೆ ಕೈಯಿಟ್ಟ. ಆದರೂ ಏಳಲಿಲ್ಲ.

ಅವಳು ಅಂಗಳಕ್ಕೆ ಓಡಿದಳು. ಎರಡು ಹೊದಿಕೆ, ದಿಂಬಿನ ಚೀಲ, ಗಂಡನ ಉದ್ದ ಒಳಚಡ್ಡಿ ಎಲ್ಲವನ್ನೂ ತಬ್ಬಿಕೊಂಡು ಒಳಗೆ ಬಂದಾಗ ಡೆಸ್ ಪರದೆಯನ್ನೇ ನೋಡುತ್ತಿದ್ದ.

"ಆ ಬಡವ ಹೋದ. ನೀನು ನಾಲ್ಕರಲ್ಲಿ ಒಬ್ಳು." ಮತ್ತೆ ಸೇರಿಸಿದ: "ಎಕ್ಕ ಆಡಿದ್ರೂ ಗೆಲ್ತಿದ್ದೆ."

"ಗೆದ್ದಿದ್ರೆ ಎರಡು ಕೋಣೆ ಕೊಡ್ತಿದ್ರಾ?"

ಅವನು ಅದಕ್ಕಿಂತ ದೊಡ್ಡ ಚಿಂತೆಗೆ ಬಂದ. "ನೀನು ಅಲ್ಲಿಗೆ ಹೋದ್ರೆ ನನ್ನ ಊಟ?"

"ಮೆಟ್ಟಿಲು ಮೆಟ್ಟಿಲಾಗಿ ಹತ್ತು. ಇವತ್ತು ಆಲೂಗಡ್ಡೆ ಸುಲಿ. ಅದ್ರಲ್ಲಿ ಗೆದ್ರೆ ನಾಳೆ ಬೇಯಿಸೋಕೆ ಚೀಟಿ ಕೊಡ್ತೀನಿ."

"ಸುಲಿಯೋದು ಎಲ್ಲಿದೆ?"

"ನಮ್ಮ ಮದುವೆಯಾದಾಗಿಂದ ಎಲ್ಲಿತ್ತೋ ಅಲ್ಲೇ."

ರೇವಿನ್ ಹೊದಿಕೆಯನ್ನು ಮಡಚದೆ ಕುರ್ಚಿಯ ಮೇಲೆ ಹಾಕಿ ಕೂತಳು. ಡೆಸ್ ಎದ್ದು ಹೋಗಿ ತಪ್ಪು ಡ್ರಾಯರನ್ನು ಎಳೆದ.